ಅಡಗಿಸಿಟ್ಟ ಶಕ್ತಿಯ ಕಾದಂಬರಿಯನ್ನು ಕೋಲಾರದ ನೆಲದಲ್ಲಿ ಬರೆಯುವ ಬಗೆ

ತನ್ನೊಳಗೆ ಮಾಂತ್ರಿಕ ಶಕ್ತಿಯಿದೆಯೆಂದು ಹರೆಯದ ಹೆಣ್ಣೊಬ್ಬಳು ಕಂಡುಕೊಳ್ಳುವ ಕಾದಂಬರಿಯನ್ನು ಬರೆಯಲು ಹೊರಟವರು ಮೊದಲು ಒಂದು ಕ್ರಿಯಾಪದದ ಮುಂದೆ ನಿಲ್ಲಬೇಕು. ‘ಅಡಗಿದ ಶಕ್ತಿ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಅಡಗುವುದು ಬೇರೆ, ಅಡಗಿಸುವುದು ಬೇರೆ. ಬೀಜದೊಳಗೆ ಮರ ತಾನಾಗಿ ಅಡಗಿರುತ್ತದೆ, ಅದಕ್ಕೆ ಯಾರ ಕೈಯೂ ಬೇಕಾಗಿಲ್ಲ. 19 ವರ್ಷ ಒಂದೇ ಮನೆಯಲ್ಲಿ ಉಂಡು, ಮಲಗಿ, ಬೈಸಿಕೊಂಡು ಬೆಳೆದ ಹುಡುಗಿಯ ಶಕ್ತಿ ಯಾರ ಕಣ್ಣಿಗೂ ಬೀಳದೆ ಉಳಿದಿದೆಯೆಂದರೆ, ಆ ಮನೆಯಲ್ಲಿ ಯಾರೋ ಒಬ್ಬರು ಅದನ್ನು ಕಂಡಿದ್ದಾರೆ, ಕಂಡು ಬೆಚ್ಚಿದ್ದಾರೆ, ಬೆಚ್ಚಿ ಮುಚ್ಚಿಟ್ಟಿದ್ದಾರೆ. ಮುಚ್ಚಿಟ್ಟವರು ಯಾರು, ಯಾವ ಹೆದರಿಕೆಯಿಂದ ಮುಚ್ಚಿಟ್ಟರು, ಹಾಗೆ ಮುಚ್ಚಿಡಲು ತಾವೇನನ್ನು ತೆತ್ತರು ಎಂಬ ಮೂರು ಪ್ರಶ್ನೆಗಳಿಗೆ ಒಂದು ಪುಟದಷ್ಟು ಉತ್ತರ ಬರೆದುಕೊಳ್ಳುವವರೆಗೆ ಮೊದಲ ಅಧ್ಯಾಯಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದನ್ನು ನಾನು ಬರೆದು ಕೆಡಿಸಿಯೇ ಕಲಿತದ್ದು. ನನ್ನ ಮೊದಲ ಕರಡಿನಲ್ಲಿ ನಾಯಕಿ ಅಂತರಗಂಗೆಯ ಬೆಟ್ಟದ ಗುಹೆಯೊಂದಕ್ಕೆ ಹೋಗುತ್ತಾಳೆ, ಅವಳ ಅಂಗೈಯಿಂದ ನೀಲಿ ಬೆಳಕು ಹೊಮ್ಮುತ್ತದೆ, ಅವಳು ‘ಆಯ್ಕೆಯಾದವಳು’ ಎಂದು ಮುದುಕನೊಬ್ಬ ಸಾರುತ್ತಾನೆ. ಇನ್ನೂರು ಪುಟಗಳಾದ ಮೇಲೆ ಓದಿ ನೋಡಿದಾಗ ಆ ಬೆಳಕಿಗೂ ಕೋಲಾರಕ್ಕೂ, ಆ ಬೆಳಕಿಗೂ ಅವಳ ತಾಯಿಗೂ ಯಾವ ನಂಟೂ ಕಾಣಲಿಲ್ಲ. ಬೆಟ್ಟದ ಹೆಸರನ್ನು ಅಳಿಸಿ ಬೇರೆ ಯಾವ ಬೆಟ್ಟದ ಹೆಸರನ್ನು ಬರೆದಿದ್ದರೂ ಕಥೆ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಆ ಕರಡನ್ನು ಕಟ್ಟಿಟ್ಟು, ಮನೆಯ ಅಜ್ಜಿಯೊಬ್ಬಳನ್ನು ಕಥೆಯೊಳಕ್ಕೆ ಕರೆತಂದ ಮೇಲೆಯೇ ಕಾದಂಬರಿ ಉಸಿರಾಡತೊಡಗಿತು.

ಶಕ್ತಿಯನ್ನು ಆರಿಸಿಕೊಳ್ಳುವುದು

ಊರಿಗೆ ಯಾವುದರ ಕೊರತೆಯಿದೆಯೋ, ನಾಯಕಿಯ ಕೈಗಳಿಗೆ ಯಾವ ಕೆಲಸ ರೂಢಿಯಾಗಿದೆಯೋ, ಅವೆರಡೂ ಕೂಡುವ ಜಾಗದಲ್ಲಿ ಶಕ್ತಿಯನ್ನು ಹುಡುಕಬೇಕು. ಬೆಂಕಿಯುಗುಳುವುದು, ಗಾಳಿಯಲ್ಲಿ ತೇಲುವುದು ಮುಂತಾದವು ಎಲ್ಲಿಯಾದರೂ ಒದಗುವ ಶಕ್ತಿಗಳು. ಎಲ್ಲಿಯಾದರೂ ಒದಗುವುದು ಎಲ್ಲಿಯೂ ಬೇರೂರುವುದಿಲ್ಲ.

ಶಿಡ್ಲಘಟ್ಟ, ಚಿಂತಾಮಣಿಯ ಕಡೆಯವರಾದರೆ ಹುಳದ ಮನೆ ಕಣ್ಣೆದುರಿಗೇ ಇದೆ. ರೇಷ್ಮೆ ಹುಳ ನಾಲ್ಕು ಸಲ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕುಳಿತು, ಹಳೆಯ ಚರ್ಮವನ್ನು ಕಳಚುತ್ತದೆ. ಇದನ್ನು ರೈತರು ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಹೆಚ್ಚುಕಡಿಮೆಯಾದರೆ ಬೆಳೆ ಏರುಪೇರಾಗುತ್ತದೆ. ಕೊನೆಯ ಜ್ವರ ಕಳೆದ ಹುಳಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಸದ್ದು, ಕತ್ತಲಲ್ಲಿ ನಿಂತು ಕೇಳಿದವರಿಗೆ ತೆಂಗಿನ ಗರಿಯ ಮೇಲೆ ತುಂತುರು ಮಳೆ ಬಿದ್ದಂತೆಯೇ ಇರುತ್ತದೆ. ಆ ಸದ್ದಿನಲ್ಲಿ ಮಾತು ಕೇಳುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವಾಗ ಅವಳ ಕೈ ಏಕೆ ನಡುಗುತ್ತದೆಂಬುದು, ಗೂಡನ್ನು ಬಿಸಿನೀರಿಗೆ ಹಾಕುವ ನೂಲು ಬಿಚ್ಚಾಣಿಕೆಯ ಮನೆಗೆ ಅವಳು ಮದುವೆಯಾಗಿ ಹೋದರೆ ಏನಾಗುತ್ತದೆಂಬುದು ತಾವಾಗಿಯೇ ತೆರೆದುಕೊಳ್ಳುತ್ತವೆ.

ಚಿನ್ನದ ಗಣಿಯ ಊರಾದ ಕೆಜಿಎಫ್‌ನವರಿಗೆ ನೆಲದಡಿಯ ಊರೇ ಇದೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಷ್ಟು ಆಳದ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿತ್ತು, ಕೆಳಗೆ ಬಂಡೆ ಸಿಡಿದರೆ ಮೇಲಿನ ಗಣಿ ಕಾರ್ಮಿಕರ ಲೈನ್ ಮನೆಗಳು ಅದುರುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹುಟ್ಟಿದ ಹುಡುಗಿಗೆ ಆ ಅದುರಾಟ ಇಂದಿಗೂ ಗೊತ್ತಾಗುತ್ತಿದ್ದರೆ, ಅದನ್ನು ಬಚ್ಚಿಡಲು ಅವಳ ತಾಯಿಗೆ ಬಲವಾದ ಕಾರಣಗಳಿರುತ್ತವೆ. ಆದರೆ ಈ ಕಥೆಯ ಮನೆಮಾತು ತಮಿಳಾಗಿರುವ ಸಾಧ್ಯತೆಯೇ ಹೆಚ್ಚು. ಉತ್ತರ ಆರ್ಕಾಟಿನಿಂದ ಬಂದು ನೆಲೆಸಿದ ಕುಟುಂಬಗಳ ಬದುಕನ್ನು ಅರಿಯದೆ ಕೇವಲ ಗಣಿಯ ಕತ್ತಲೆಗಾಗಿ ಅಲ್ಲಿಗೆ ಹೋಗಬಾರದು.

ನಾನು ಆರಿಸಿಕೊಂಡದ್ದು ನೀರನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ತಲೆಮಾರುಗಳ ಕಾಲ ಕೆರೆಗಳನ್ನು ನಂಬಿ ಬದುಕಿತು. ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ನಂಬಿತು. ಬೋರು ಕೊರೆಸುವ ಮುಂಚೆ ನೀರು ನೋಡುವವರನ್ನು ಕರೆಸಿ ‘ಪಾಯಿಂಟ್’ ಮಾಡಿಸುವ ರೂಢಿ ಇಲ್ಲಿ ಎಲ್ಲೆಡೆಯೂ ಇದೆ. ಒಬ್ಬರು ಕವಲುಕಡ್ಡಿ ಹಿಡಿದು ನಡೆಯುತ್ತಾರೆ, ಇನ್ನೊಬ್ಬರು ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ಕಲ್ಲು ಇಡುತ್ತಾರೆ. ಇದಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೂ ಸಾಲ ಮಾಡಿ ಬೋರು ಕೊರೆಸುವ ಮನುಷ್ಯ ಆ ಕಾಯಿಯನ್ನು ನೋಡುವ ನೋಟ ಮಾತ್ರ ನಿಜ, ಕಾದಂಬರಿಕಾರರಿಗೆ ಬೇಕಾದುದು ಆ ನೋಟ. ಹೀಗೆ ನೀರು ನೋಡುವವರಾಗಿ ಬರುವವರು ಸಾಮಾನ್ಯವಾಗಿ ಗಂಡಸರು. ನನ್ನ ನಾಯಕಿ ಮಂಜುಳಳ ಶಕ್ತಿ ಏಕೆ ಮುಚ್ಚಿಹೋಗಿತ್ತೆಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು.

ಉಳಿದರ್ಧ ಸಿಕ್ಕಿದ್ದು ನೀರಗಂಟಿಯ ಕೆಲಸದಲ್ಲಿ. ಕೆರೆಯ ತೂಬು ಎತ್ತಿ ಇಳಿಸುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಯ ರಾತ್ರಿ ಏರಿಯ ಮೇಲೆ ಕಾವಲು ತಿರುಗುವುದು ನೀರಗಂಟಿಯ ಹೊಣೆಯಾಗಿತ್ತು. ಇದು ವಂಶದಿಂದ ವಂಶಕ್ಕೆ ಬಂದ ಕೆಲಸ, ಅನೇಕ ಊರುಗಳಲ್ಲಿ ದಲಿತ ಮನೆತನಗಳ ಪಾಲಿಗೆ ಬಂದದ್ದು, ಕೂಲಿಯಾಗಿ ಸುಗ್ಗಿಯಲ್ಲಿ ಕಾಳು ಸಿಗುತ್ತಿತ್ತು. ನೀರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ನೀರಿನ ಮೇಲೆ ಹಕ್ಕಿರಲಿಲ್ಲ. ನನ್ನ ಕಥೆಯಲ್ಲಿ ಮಂಜುಳಳ ತಾತ ನೀರಗಂಟಿ, ಭೂಮಿಯಡಿಯ ನೀರನ್ನೂ ಹೇಳಬಲ್ಲವನೆಂದು ಸುತ್ತಮುತ್ತ ಹೆಸರಾದವನು. ನಿಜಕ್ಕೂ ನೀರು ತಿಳಿಯುತ್ತಿದ್ದುದು ಅವನ ಮುಂದೆ ಮಜ್ಜಿಗೆಯ ಗಡಿಗೆ ಹೊತ್ತು ನಡೆಯುತ್ತಿದ್ದ ಅಜ್ಜಿಗೆ. ಅವಳು ದಣಿವಾರಿಸಿಕೊಳ್ಳುವವಳಂತೆ ನಿಂತು ಗಡಿಗೆಯಿಳಿಸಿದ ಕಡೆ ತಾತ ಕಡ್ಡಿ ಊರುತ್ತಿದ್ದ. ಇಷ್ಟು ಸಿಕ್ಕ ಮೇಲೆ ನನಗೆ ಗುಹೆಯೂ ಬೇಕಾಗಲಿಲ್ಲ, ಬೆಳಕೂ ಬೇಕಾಗಲಿಲ್ಲ.

ಕಟ್ಟಳೆ ಮತ್ತು ಬೆಲೆ

ಶಕ್ತಿಗೆ ಕಟ್ಟಳೆಯಿರಬೇಕು, ಬಳಸಿದರೆ ಬೆಲೆಯೂ ಇರಬೇಕು. ಇದು ಹೊರಗಿನಿಂದ ಬಂದ ಪಾಠವೆಂದು ಕೆಲವರು ತಿಳಿದಿದ್ದಾರೆ. ನಮ್ಮ ಜನಪದರು ಇದನ್ನು ಬಹಳ ಹಿಂದೆಯೇ ಬಲ್ಲರು. ಹೂಮರವಾಗುವ ಹುಡುಗಿಯ ಕಥೆಯನ್ನು ನೆನೆಯಿರಿ. ಉಗುರು ಸೋಂಕದಂತೆ ತಂದ ಎರಡು ಬಿಂದಿಗೆ ನೀರು, ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಹೂ ಬಿಡಿಸುವಾಗ ಚಿಗುರು, ಕೊಂಬೆ ನೋಯಬಾರದು. ಆ ಕಟ್ಟಳೆಯನ್ನು ಒಬ್ಬಳು ಲೆಕ್ಕಿಸದೆ ಕೊಂಬೆ ಮುರಿದಳೆಂಬುದರಿಂದಲೇ ಹುಡುಗಿ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ, ಅಲ್ಲಿಂದಲೇ ಕಥೆಯ ದುಃಖವೆಲ್ಲ ಹುಟ್ಟುತ್ತದೆ. ಕಟ್ಟಳೆ ಮುರಿದಾಗ ನಾಯಕಿಯ ಮೈಗೆ ಏನಾಗುತ್ತದೆಂಬುದು ನಿಶ್ಚಯವಾಗಿದ್ದರೆ ಕಥೆಯ ನಡುಭಾಗಕ್ಕೆ ಬೇಕಾದ ಕಸುವು ಒದಗಿಬಿಡುತ್ತದೆ.

ಮಂಜುಳಳಿಗೆ ನಾನು ವಿಧಿಸಿದ ಕಟ್ಟಳೆ ಹೀಗಿದೆ. ಬರಿಗಾಲಿನಲ್ಲಿದ್ದಾಗ ಮಾತ್ರ ನೀರು ತಿಳಿಯುತ್ತದೆ, ಕಾಲ್ಬೆರಳು ತಣ್ಣಗಾಗುತ್ತದೆ. ತಿಳಿದದ್ದನ್ನು ತನ್ನೊಳಗೇ ಇಟ್ಟುಕೊಂಡರೆ ಏನೂ ಆಗದು. ಇನ್ನೊಬ್ಬರಿಗೆ ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಿದರೆ ಆ ಬೆರಳು ಶಾಶ್ವತವಾಗಿ ಮರಗಟ್ಟುತ್ತದೆ. ಎಂದರೆ ಒಂದು ಜನ್ಮಕ್ಕೆ ಹತ್ತೇ ಬಾರಿ. ಅಜ್ಜಿಯ ಎಡಗಾಲಿನ ಐದೂ ಬೆರಳು, ಬಲಗಾಲಿನ ಎರಡು ಬೆರಳು ಸತ್ತಿವೆ. ಆ ಏಳರಲ್ಲಿ ಯಾವುದನ್ನು ಪ್ರೀತಿಯಿಂದ ಕೊಟ್ಟಳು, ಯಾವುದನ್ನು ಹೊಡೆತಕ್ಕೆ ಹೆದರಿ ಕೊಟ್ಟಳು ಎಂಬ ಲೆಕ್ಕವನ್ನು ಕಾದಂಬರಿ ನಿಧಾನವಾಗಿ ಬಿಚ್ಚುತ್ತದೆ. ಲೆಕ್ಕವಿರುವ ಶಕ್ತಿ ಓದುಗರನ್ನೂ ಎಣಿಸುವಂತೆ ಮಾಡುತ್ತದೆ.

ಮೈಯ ಬೆಲೆಯ ಜೊತೆಗೆ ಊರಿನ ಬೆಲೆಯೂ ಇರಬೇಕು, ಅದನ್ನು ಕಲ್ಪನೆಯಿಂದ ತರಬೇಕಾದ ಅಗತ್ಯವೇ ಇಲ್ಲ. ಕೋಲಾರದ ನೆಲ ಗಟ್ಟಿ ಬಂಡೆಯದು, ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಒಂದೇ ಬಿರುಕಿನ ಸಾಲಿಗೆ ಇಬ್ಬರು ಕೊರೆದರೆ, ಆಳಕ್ಕೆ ಹೋದವನ ಪಂಪು ಇನ್ನೊಬ್ಬನ ಬೋರನ್ನು ಒಣಗಿಸಿಬಿಡಬಹುದು. ಹೀಗಾಗಿ ಮಂಜುಳ ಒಬ್ಬ ಬಡವನ ಮೇಲೆ ಮರುಕಗೊಂಡು ಜಾಗ ಹೇಳಿದ ವಾರವೇ ಅವಳ ಸ್ವಂತ ಚಿಕ್ಕಮ್ಮನ ತೋಟದ ಮೋಟರು ಗಾಳಿ ಎಳೆಯತೊಡಗುತ್ತದೆ. ಇನ್ನೂ ಒಂದು ಕಷ್ಟವಿದೆ. ಈ ಭಾಗದಲ್ಲಿ, ತುಮಕೂರು ಜಿಲ್ಲೆಯ ಪಾವಗಡದ ಕಡೆಯೂ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲಿಗೂ ಮೂಳೆಗೂ ಕೇಡು ತಂದಿದೆ. ನೀರಿದೆಯೆಂದು ತಿಳಿಯುವ ಹುಡುಗಿಗೆ ಆ ನೀರಿನ ಗುಣ ತಿಳಿಯದಿದ್ದರೆ, ಅವಳ ಕೊಡುಗೆಯೇ ಒಂದು ಮಗುವಿನ ಹಲ್ಲಿನ ಮೇಲೆ ಕಂದು ಕಲೆಯಾಗಿ ಕಾಣಿಸಿಕೊಳ್ಳುವ ಅಧ್ಯಾಯವನ್ನು ಬರೆಯಲೇಬೇಕಾಗುತ್ತದೆ. ಅದನ್ನು ಬರೆಯುವಾಗ ನಾನು ಎರಡು ದಿನ ಮೇಜಿನಿಂದ ದೂರವೇ ಇದ್ದೆ.

ಕಂಡುಕೊಳ್ಳುವ ಗಳಿಗೆ

ಬಹುಪಾಲು ಕರಡುಗಳು ಸೋಲುವುದು ಇಲ್ಲಿ. ಶಕ್ತಿ ಮೊದಲ ಬಾರಿ ತೋರಿಕೊಳ್ಳುವ ಗಳಿಗೆಯಲ್ಲಿ ಮಿಂಚು, ಗುಡುಗು, ಮೂರ್ಛೆ ಮುಂತಾದವನ್ನು ತಂದು ತುಂಬಿದರೆ, ಮುಂದಿನ ಇನ್ನೂರು ಪುಟಗಳಲ್ಲಿ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ದಿನನಿತ್ಯದ ಕೆಲಸವೊಂದರ ನಡುವೆ, ಮೈಗೆ ಮೊದಲು ತಿಳಿಯಲಿ. ಅದು ಇನ್ನೊಬ್ಬರ ಕಣ್ಣಿಗೆ ಬೀಳಲಿ. ಹೆಸರು ಎಲ್ಲಕ್ಕಿಂತ ಕೊನೆಗೆ ಬರಲಿ, ಸಾಧ್ಯವಾದರೆ ಐವತ್ತು ಪುಟಗಳಾದ ಮೇಲೆ. ನನ್ನ ಕರಡಿನ ಆ ಭಾಗವನ್ನು ಇಲ್ಲಿ ಕೊಡುತ್ತೇನೆ:

ಹುಲ್ಲಿನ ಹೊರೆ ಹೊತ್ತು ತೂಬಿನ ಹತ್ತಿರ ಬಂದಾಗ ಮಂಜುಳಳ ಬಲಗಾಲಿನ ಹೆಬ್ಬೆರಳು ತಣ್ಣಗಾಯಿತು. ಮೂರು ವರ್ಷದಿಂದ ನೀರು ಕಾಣದ ಕೆರೆ. ಅಂಗಳದ ಮಣ್ಣು ಹೆಂಚಿನಂತೆ ಬಿರಿದು ಅಂಚುಗಳು ಮೇಲೆದ್ದಿದ್ದವು. ಅವಳು ನಿಂತಳು. ಮುಂದೆ ಹೋಗುತ್ತಿದ್ದ ಅಜ್ಜಿ ತಿರುಗದೆಯೇ ಕೇಳಿದಳು.
“ಯಾಕಮ್ಮಣ್ಣಿ, ಮುಳ್ಳು ಚುಚ್ತಾ?”
“ಇಲ್ಲಜ್ಜಿ. ಇಲ್ಲಿ ತಣ್ಣಗೈತೆ.”
ಅಜ್ಜಿ ಹಿಂದಕ್ಕೆ ಬಂದಳು. ಹೊರೆಯಿಳಿಸಿ, ತಲೆಯ ಮೇಲಿನ ಸಿಂಬೆಯನ್ನು ತೆಗೆದು, ಮೊಮ್ಮಗಳು ಕಾಲಿಟ್ಟಿದ್ದ ಜಾಗದ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟಳು.
“ಮುಳ್ಳೇ ಅದು,” ಎಂದಳು. “ಮನೇಲಿ ಯಾರು ಕೇಳಿದ್ರೂ ಮುಳ್ಳು ಅಂತ್ಲೇ ಹೇಳು.”

ಇಲ್ಲಿ ‘ಶಕ್ತಿ’ ಎಂಬ ಮಾತೂ ಇಲ್ಲ, ‘ಅವಳಿಗೆ ಏನೋ ವಿಚಿತ್ರವೆನಿಸಿತು’ ಎಂಬ ವಾಕ್ಯವೂ ಇಲ್ಲ. ಶಕ್ತಿ ತೋರಿಕೊಂಡ ಗಳಿಗೆಯೂ ಅದನ್ನು ಮುಚ್ಚಿದ ಗಳಿಗೆಯೂ ಒಂದೇ ಆಗಿರುವುದರಿಂದ, ಓದುಗರು ಹುಡುಗಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ, ಅವಳಿಗಾಗಿ ಅವರೇ ಹೆದರತೊಡಗುತ್ತಾರೆ. ಈ ಪುಟವನ್ನು ನಾನು ಒಂಬತ್ತು ಬಾರಿ ಬರೆದೆ. ಪ್ರತಿ ಬಾರಿಯೂ ಒಂದು ಗುಣವಾಚಕ ಕಡಿಮೆಯಾಯಿತು.

ಮಾಟ, ಮೋಡಿ, ಮಾಯೆ

ಹೆಸರು ಬರುವ ಹೊತ್ತಿಗೆ ಯಾವ ಪದ ಬಳಸಬೇಕೆಂಬುದನ್ನು ಎಚ್ಚರದಿಂದ ತೀರ್ಮಾನಿಸಬೇಕು. ನಮ್ಮ ಭಾಷೆಯಲ್ಲಿ ಈ ಬಗೆಯ ಶಕ್ತಿಗೆ ಒಂದೇ ಹೆಸರಿಲ್ಲ, ಪ್ರತಿಯೊಂದು ಹೆಸರೂ ತನ್ನದೇ ಬಣ್ಣ ಹೊತ್ತಿದೆ. ಮಾಟವೆಂದರೆ ಕೇಡು ಬಯಸಿ ಮಾಡಿಸಿದ್ದು. ಮೋಡಿ, ಗಾರುಡಿಗಳಲ್ಲಿ ಜನರ ಕಣ್ಣೆದುರು ಆಡಿ ತೋರಿಸುವ ಆಟದ ಛಾಯೆಯಿದೆ. ಕಣಿ ಹೇಳುವುದು ಮುಂದಾಗುವುದನ್ನು ನುಡಿಯುವ ಕಸುಬು. ಮೈದುಂಬುವುದರಲ್ಲಿ ಶಕ್ತಿ ದೇವರದು, ಮೈ ಮಾತ್ರ ಮನುಷ್ಯರದು. ಹಾಗಾದರೆ ಅವಳದೇ ಆದ ಶಕ್ತಿಗೆ ಏನೆನ್ನಬೇಕು? ಊರಿನವರು ಒಂದೊಂದು ಗುಂಪು ಒಂದೊಂದು ಹೆಸರಿನಿಂದ ಕರೆಯಲಿ, ಆ ಹೆಸರುಗಳ ಜಗಳವೇ ಕಥೆಯ ಜಗಳವಾಗಲಿ. ಅಜ್ಜಿ ಮಾತ್ರ ಕೊನೆಯವರೆಗೂ ‘ಮುಳ್ಳು’ ಎಂದೇ ಹೇಳುತ್ತಾಳೆ. ಮಾಟಕ್ಕೆ ಬೇರೆ ಕಡೆ ಬಳಸುವ ಬಾನಾಮತಿಯಂತಹ ಪದಗಳನ್ನು ಇಲ್ಲಿಗೆ ತರಬಾರದು. ಅದು ಕಲಬುರಗಿ, ಬೀದರದ ಕಡೆಯ ಮಾತು, ಕೋಲಾರದ ಅಜ್ಜಿಯ ಬಾಯಲ್ಲಿ ಸುಳ್ಳಾಗಿ ಕೇಳುತ್ತದೆ.

‘ಮಾಟಗಾತಿ’ ಎಂಬ ಆರೋಪದ ಬಗ್ಗೆ ಬರೆಯುವಾಗ ಅದು ಕಥೆಯ ಅಲಂಕಾರವೆಂದು ತಿಳಿಯಬಾರದು. ಆ ಮಾತು ಹೊರಿಸಿ ನಿಜವಾದ ಹೆಂಗಸರನ್ನು ಹೊಡೆದದ್ದೂ ಊರು ಬಿಡಿಸಿದ್ದೂ ಉಂಟು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಕಥೆಯಲ್ಲಿ ಗುಂಪೊಂದು ನಾಯಕಿಯ ಬಾಗಿಲಿಗೆ ಬಂದರೆ, ಆ ಗುಂಪಿನಲ್ಲಿ ಅವಳಿಂದ ನೀರು ಹೇಳಿಸಿಕೊಂಡವನೂ ಒಬ್ಬನಿರಲಿ.

ನಿರೂಪಣೆಯ ಭಾಷೆ ಗ್ರಾಂಥಿಕವಾಗಿದ್ದರೂ ಸಂಭಾಷಣೆ ಊರಿನದಾಗಿರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಅನೇಕ ಮನೆಗಳಲ್ಲಿ ತೆಲುಗು ಮನೆಮಾತು, ಶಾಲೆಯಲ್ಲಿ ಕನ್ನಡ. ಕನ್ನಡದಲ್ಲಿ ಮಾತಾಡುತ್ತಿದ್ದ ತಾಯಿ ಬಹಳ ಹೆದರಿದಾಗ ಒಂದು ವಾಕ್ಯವನ್ನು ತೆಲುಗಿನಲ್ಲಿ ಆಡಿಬಿಟ್ಟರೆ, ಆ ಹೆದರಿಕೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳಾಗಿತ್ತೆಂಬುದನ್ನು ನೆನೆದಾಗಲೆಲ್ಲ ಈ ಗಡಿನೆಲದ ಕನ್ನಡದ ಮೇಲೆ ನನಗೆ ಪ್ರೀತಿ ಹೆಚ್ಚಾಗುತ್ತದೆ.

ಸ್ಥಳಗಳು, ಗುರು, ಎದುರಾಳಿ

ನಾಯಕಿಗೆ ಕೆಲಸವಿಲ್ಲದ ಸ್ಥಳಕ್ಕೆ ಕಥೆಯನ್ನು ಕೊಂಡೊಯ್ಯಬಾರದು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು ಬೀಳುತ್ತದೆ. ನೀರು ತಿಳಿಯುವ ಹುಡುಗಿ ಅಲ್ಲಿ ಬರಿಗಾಲಿನಲ್ಲಿ ನಿಂತರೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರವಿದ್ದರೆ ಹೋಗಿ, ಇಲ್ಲವಾದರೆ ಬೇಡ. ಕೋಲಾರಮ್ಮನ ಗುಡಿಯಲ್ಲಿ ದೇವಿಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡುವ ಸಂಪ್ರದಾಯವಿದೆ, ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ನೇರ ನೋಡಬಾರದಷ್ಟು ಉಗ್ರವಾದ ಶಕ್ತಿಯನ್ನು ಊರು ಪೂಜಿಸಲು ಬಲ್ಲದು, ಆದರೆ ತನ್ನ ಬೀದಿಯ ಹುಡುಗಿಯಲ್ಲಿ ಅದನ್ನು ಸಹಿಸಲಾರದು. ಮಂಜುಳ ಆ ಕನ್ನಡಿಯ ಮುಂದೆ ನಿಂತಾಗ ದೇವಿಯ ಮುಖದ ಪಕ್ಕದಲ್ಲಿ ತನ್ನ ತಾಯಿಯ ಮುಖ ಕಾಣುತ್ತದೆ, ತಾಯಿ ಏನನ್ನು ಬೇಡಿಕೊಳ್ಳುತ್ತಿದ್ದಾಳೆಂಬುದು ಅವಳಿಗೆ ಹೊಳೆಯುತ್ತದೆ. ಅಷ್ಟು ಕೆಲಸ ಕೊಟ್ಟಮೇಲೆ ಗುಡಿಯ ವರ್ಣನೆಗೆ ಎರಡು ಸಾಲು ಸಾಕು.

ಗುರುವಾಗಿ ಗಡ್ಡದ ಮುದುಕನನ್ನು ತರುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಮುಚ್ಚಿಟ್ಟವರೇ ಕಲಿಸಬೇಕಾದ ಸ್ಥಿತಿ ಬಂದರೆ ಪ್ರತಿ ಪಾಠದಲ್ಲಿಯೂ ಜಗಳವಿರುತ್ತದೆ. ಎದುರಾಳಿಯೂ ಕತ್ತಲೆಯ ರಾಜನಾಗಬೇಕಿಲ್ಲ. ರಿಗ್ ಲಾರಿಯ ಏಜೆಂಟನೊಬ್ಬ, ಪಾಯಿಂಟ್ ಮಾಡಿ ಬದುಕುವ ದೊಡ್ಡಪ್ಪನೊಬ್ಬ ಸಾಕು. ದೊಡ್ಡಪ್ಪನಿಗೆ ಏನೂ ತಿಳಿಯುವುದಿಲ್ಲವೆಂಬುದು ಅವನಿಗೇ ಗೊತ್ತು. ಅವನು ತೋರಿಸಿದ ಕಡೆ ರಿಗ್ಗು ಇಳಿದು, ಆರುನೂರು, ಎಂಟುನೂರು ಅಡಿಯವರೆಗೂ ಬಿಳಿಯ ಒಣ ದೂಳೇ ಎದ್ದು, ಹೊಲದ ಒಡೆಯನ ರೆಪ್ಪೆಯ ಮೇಲೆಲ್ಲ ಆ ದೂಳು ಕೂರುವ ದೃಶ್ಯವನ್ನು ಅನುಕಂಪದಿಂದಲೇ ಬರೆಯಬೇಕು.

ಕಥೆಯ ಕಾಲವನ್ನು ವರ್ಷದವರೆಗೆ ಖಚಿತವಾಗಿ ಗೊತ್ತುಮಾಡಿಕೊಳ್ಳಿ. ನಾನು 2018ನ್ನು ಹಿಡಿದೆ. ಆ ವರ್ಷ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ವರ್ಷಗಟ್ಟಲೆ ಬತ್ತಿದ್ದ ಕೆರೆ ತುಂಬುವಾಗ ಊರು ಸಂಭ್ರಮಿಸುತ್ತದೆ, ಆ ನೀರು ಎಂಥದೆಂಬ ಅಳುಕೂ ಇರುತ್ತದೆ. ಮಂಜುಳ ಮಾತ್ರ ಏರಿಯ ಮೇಲೆ ಬರಿಗಾಲಿನಲ್ಲಿ ನಿಂತು, ಬೆರಳು ತಣ್ಣಗಾಗದೆ ಇರುವುದನ್ನು ಗಮನಿಸುತ್ತಾಳೆ. ಇದು ಅವಳ ಅಜ್ಜಿ ಬಲ್ಲ ನೀರಲ್ಲ, ಇದನ್ನು ಅವಳೇ ಹೊಸದಾಗಿ ಕಲಿಯಬೇಕು. ಕಾದಂಬರಿಯ ಮೂರನೆಯ ಭಾಗ ಅಲ್ಲಿಂದ ಆರಂಭವಾಗುತ್ತದೆ.

ಬರೆಯುವ ಕ್ರಮ

ಅಜ್ಜಿಯ ಪುಟವನ್ನು ಮೊದಲು ಬರೆಯಿರಿ, ಅದು ಕಾದಂಬರಿಯಲ್ಲಿ ಬರದೇ ಹೋಗಬಹುದು. ಆಮೇಲೆ ಶಕ್ತಿಯನ್ನು ಬಳಸಿದ ಪ್ರತಿ ಸಲದ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಯಾರು ಪಡೆದರು, ಯಾರು ಕಳೆದುಕೊಂಡರು ಎಂದು ಗುರುತಿಸಿ. ಕಳೆದುಕೊಂಡವರ ಹೆಸರು ಸಿಗದ ಸಂದರ್ಭವನ್ನು ಕಥೆಯಿಂದ ತೆಗೆದುಹಾಕಿ. ಸಂಭಾಷಣೆಗಳನ್ನು ಊರಿನ ಹಿರಿಯ ಹೆಂಗಸೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ನಡುವೆ ಬಾಯಿಹಾಕಿ ತಿದ್ದಿದ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಕೆರೆಯ ನೀರಿಗಾಗಿ ಕಿರಿಸೊಸೆಯನ್ನು ಹಾರವಾಗಿ ಕೊಟ್ಟ ಕಥನಗೀತೆಯನ್ನು ಕೇಳಿ ಬೆಳೆದ ಹೆಂಗಸರಿಗೆ ನೀರು ಮತ್ತು ಹೆಣ್ಣಿನ ನಡುವಿನ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಾಗೆ ಕೇಳಿದ ಒಬ್ಬರು, ಅಜ್ಜಿ ಏಳನೆಯ ಬೆರಳನ್ನು ಯಾರಿಗಾಗಿ ಕೊಟ್ಟಳೆಂಬುದನ್ನು ನಾನು ಹೇಳುವ ಮುಂಚೆಯೇ ಹೇಳಿಬಿಟ್ಟರು.

ಕೊನೆಯ ಅಧ್ಯಾಯ ಮುಗಿದ ದಿನವೇ ಮೊದಲ ಅಧ್ಯಾಯಕ್ಕೆ ಹಿಂದಿರುಗಿ, ಕೊನೆಗೆ ಬಯಲಾಗುವುದರ ಸುಳಿವನ್ನು ಕಾಣದಷ್ಟು ಚಿಕ್ಕದಾಗಿ ಅಲ್ಲಿ ನೆಟ್ಟುಬನ್ನಿ. ಮರಗಟ್ಟಿದ ಬೆರಳುಗಳು ಹವಾಯಿ ಚಪ್ಪಲಿಯ ಪಟ್ಟಿಯನ್ನು ಹಿಡಿಯಲಾರವು. ನನ್ನ ಮೊದಲ ಪುಟದಲ್ಲಿ ಈಗ ಅಜ್ಜಿ ಹಿತ್ತಲಿನಿಂದ ಬರುವಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯುತ್ತದೆ, ಅವಳಿಗದು ತಿಳಿಯುವುದಿಲ್ಲ, ಮಂಜುಳ ಅದನ್ನು ಎತ್ತಿಕೊಂಡು ಬಂದು ಹೊಸ್ತಿಲ ಬಳಿ ಇಡುತ್ತಾಳೆ.